ತಾತನ ಹತ್ತು ಮಾರು

ಗುಂಡ್ಲುಪೇಟೆಯ ಅಂಗಡಿಬೀದಿಯಲ್ಲಿ ಹೊಸ ನಾರಿನ ಹಗ್ಗದ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ಒಣಹುಲ್ಲು, ಧೂಳು, ತುಸು ಹುಳಿ ಬೆರೆತ ಆ ವಾಸನೆಯ ಹಿಂದೆಯೇ ಬೇಗೂರಿನಾಚೆ ನಮಗಿದ್ದ ಮನೆ ಬರುತ್ತದೆ. ರಸ್ತೆ ಅಗಲವಾದಾಗ ಅದು ಹೋಯಿತು. ಜಗಲಿ, ಹಿತ್ತಲ ಹುಣಸೆಮರ, ಮರದ ಬುಡದ ಬಾವಿ, ಎಲ್ಲವೂ ಟಾರಿನಡಿ ಸೇರಿದವು. ಆ ಮನೆಯಲ್ಲಿ ಟೇಪು ಇರಲಿಲ್ಲ, ತಾತನ ಮೈಯೇ ಅಳತೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡು ತೋಳೂ ಚಾಚಿದರೆ ಒಂದು ಮಾರು. ದನದ ಹಗ್ಗ, ಚಪ್ಪರದ ಗಳು, ನನ್ನ ಲಂಗದ ಬಟ್ಟೆ, ಎಲ್ಲವೂ ಆ ಕಪ್ಪು ನೀಳ ತೋಳುಗಳ ಮೇಲೆ ಹಾದೇ ಬರಬೇಕು. ಹೊಸ ಲಂಗಕ್ಕೆ ಅಂಟಿರುತ್ತಿದ್ದ ಹೊಗೆಸೊಪ್ಪಿನ ಘಮ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ.

ತಾತ ತೀರಿಕೊಂಡ ಮುಂದಿನ ಬೇಸಿಗೆ ಕೆಂಪಿ ಬಾವಿಗೆ ಬಿದ್ದಳು. ಕೆಂಪಿ ತಾಯಿಯಿಲ್ಲದ ಕಡಸು, ತಾತನೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದು. ಅವರು ಹೋದ ಮೇಲೆ ಅಜ್ಜಿ ಮನಬಿಚ್ಚಿ ಮಾತಾಡುತ್ತಿದ್ದದ್ದು ಅವಳೊಡನೆ ಮಾತ್ರ. ಬಗ್ಗಿ ನೋಡಿದರೆ ಕಪ್ಪು ನೀರಿನ ಮೇಲೆ ಅವಳ ಮುಖವಷ್ಟೇ ಕಾಣುತ್ತಿತ್ತು. ಬಾವಿಗೆ ಮೆಟ್ಟಿಲಿರಲಿಲ್ಲ. ಮನೆಗೆ ನಲ್ಲಿ ಬಂದ ಮೇಲೆ ಹಳೆಯ ಹಗ್ಗ ಗೆದ್ದಲು ಹಿಡಿದಿತ್ತು.

“ನೀರಿನ್ ಗಂಟ ಎಷ್ಟು ಆಳ ಅವ್ವಾ?” ಎಂದು ಚಿಕ್ಕಪ್ಪ ಕೂಗಿದರು.

“ಹತ್ತು ಮಾರು ಅಂತಿದ್ರು ಕಣ್ಲಾ ನಿಮ್ಮಪ್ಪ. ಬಿರ್ನೆ ಓಗ್ಲಾ, ಮುಳುಗೋಯ್ತದೆ ಕೂಸು!”

ಚಿಕ್ಕಪ್ಪನ ಬೈಕಿನ ಹಿಂದೆ ನಾನೂ ಹತ್ತಿದೆ. ಬೇಗೂರಿನ ಅಂಗಡಿಯವನಿಗೆ ಹತ್ತು ಮಾರು ಅಂದರೆ ಅರ್ಥವಾಗಲಿಲ್ಲ. “ಮೀಟ್ರಲ್ಲಿ ಯೋಳಿ ಸಾ,” ಎಂದ. ಚಿಕ್ಕಪ್ಪ ಅಂಗಡಿಯ ಕಟ್ಟೆಯ ಮೇಲೆ ಬರೆದಿದ್ದ ಮೀಟರ್ ಅಳತೆಗೆ ತೋಳು ಚಾಚಿ ನಿಂತರು. ಒಂದೂವರೆ ಮೀಟರಿಗಿಂತ ಒಂದು ಚೂರು ಹೆಚ್ಚು ಬಂತು. “ಹದಿನಾರು ಕೊಡು. ಮರಕ್ಕೆ ಕಟ್ಟಕ್ಕೆ ಇನ್ನೆರಡು ಸೇರಿಸ್ಬುಡು.” ಲೆಕ್ಕ ಸರಿಯಾಗಿಯೇ ಇತ್ತು. ಚಿಕ್ಕಪ್ಪ ಅಜ್ಜಿಯ ಹಾಗೆ ಕುಳ್ಳು ಎಂಬುದು ಆ ಅವಸರದಲ್ಲಿ ಯಾರಿಗೂ ಹೊಳೆಯಲಿಲ್ಲ.

ಪಕ್ಕದ ಹೊಲದ ಮಾದಣ್ಣ ಹಗ್ಗ ಹಿಡಿದು ಇಳಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ಕೂಗು ಕೇಳಿಸಿತು. “ಹಗ್ಗ ಮುಗೀತು ಕಣಣ್ಣೋ! ಇನ್ನೂ ಒಂದಾಳುದ್ದ ಬೇಕು!”

ಚಿಕ್ಕಪ್ಪ ಮತ್ತೆ ಬೈಕು ಹತ್ತಿದರು. ಅಮ್ಮ ಸೀರೆ ತಂದು ಇಳಿಬಿಟ್ಟಳು, ಮಾದಣ್ಣ ಅದನ್ನು ಹಗ್ಗದ ತುದಿಗೆ ಬಿಗಿದು ಜಗ್ಗುತ್ತಲೇ ಗಂಟು ಬಿಚ್ಚಿಕೊಂಡಿತು. ಅವನು ಕಲ್ಲಿನ ಸಂದಿಗೆ ಕಾಲು ಕೊಟ್ಟು ಕೈ ಚಾಚಿದಷ್ಟೂ ಕೆಂಪಿಯ ಕೊಂಬು ಸಿಗಲಿಲ್ಲ. ಅಜ್ಜಿ ಬಾವಿಯ ಕಟ್ಟೆಗೆ ಎದೆಯಾನಿಸಿ “ಈಜವ್ವಾ, ಈಜು ನನ್ ಕಂದ, ಬಂದ್ಬುಟ್ಟ ಈಗ” ಎನ್ನುತ್ತಲೇ ಇದ್ದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ನನ್ನಿಂದ ಆಗುತ್ತಿದ್ದದ್ದು ಅಷ್ಟೇ. ಚಿಕ್ಕಪ್ಪ ಹಗ್ಗದ ಸುರುಳಿ ಹೊತ್ತು ಓಡಿಬರುವಷ್ಟರಲ್ಲಿ ನೀರು ಸುಮ್ಮನಾಗಿತ್ತು.

ಅಂದು ಸಂಜೆ ಯಾರೂ ಒಲೆ ಹಚ್ಚಲಿಲ್ಲ. ಜಗಲಿಯ ಮೇಲೆ ಚಿಕ್ಕಪ್ಪ ತಮ್ಮ ತೋಳು ಚಾಚಿಕೊಂಡು, “ಅಪ್ಪನ ಮಾರು ಎಷ್ಟಿತ್ತವ್ವಾ?” ಎಂದು ಅಳುತ್ತ ಕೇಳಿದರು. ಅಜ್ಜಿ ಮೆಲ್ಲನೆ ಎದ್ದು ಅವರ ಬಲಗೈಯ ತುದಿಗೆ ಬಂದಳು. ಬೆರಳು ಮುಗಿದಲ್ಲಿಂದ ಆಚೆಗೆ ಬರಿಯ ಗಾಳಿಯಲ್ಲಿ ಅಂಗೈ ಸವರುತ್ತ ಹೋದಳು. ಒಂದು ಕಡೆ ನಿಲ್ಲಿಸಿದಳು, ಅಲ್ಲವೆನ್ನಿಸಿತೇನೋ, ಇನ್ನಷ್ಟು ಮುಂದಕ್ಕೆ ಸರಿಸಿದಳು, ಮತ್ತೆ ಹಿಂದಕ್ಕೆ ತಂದಳು.

“ಇಲ್ಲೇ ಎಲ್ಲೋ ಕಣಪ್ಪಾ,” ಎಂದಳು. “ಇಲ್ಲೇ ಎಲ್ಲೋ ಇತ್ತು.”