ಮುಚ್ಚಳದ ಮೇಲೆ ಬರೆದ ‘ಅವಳಿ’

ಪ್ರೋಟೀನಿನ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ ಅದರ ಒಳರಚನೆ ನೋಡುವ ಆ ಲ್ಯಾಬಿನಲ್ಲಿ, ಎಲ್ಲರೂ ‘ಟ್ರೇ ಅಕ್ಕ’ ಎನ್ನುವ ಹೆಂಗಸಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ. ತಂಪುಕೋಣೆಯಿಂದ ಟ್ರೇ ತರುವುದು, ಅದರಲ್ಲಿ ಹರಳುಗಟ್ಟಲು ಇಟ್ಟ ಪ್ರೋಟೀನು ದ್ರಾವಣದ ಒಂದೊಂದೇ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕಂಡದ್ದನ್ನು ಮುಚ್ಚಳದ ಮೇಲೆ ಬರೆಯುವುದು. ಓದಿದ್ದು ಏಳನೇ ಕ್ಲಾಸು. ಕಣ್ಣು ಮಾತ್ರ ಹದ್ದಿನದು.

ಆ ಸೋಮವಾರ ಸಂಶೋಧನೆಯ ಹುಡುಗಿಯ ಟ್ರೇಯಲ್ಲಿ ಕೊನೆಗೂ ಹರಳು ಬಂದಿತ್ತು. ಐದು ತಿಂಗಳು ಸತಾಯಿಸಿದ ಪ್ರೋಟೀನು. ನೋಡಿದರೆ ಹೋದ ವರ್ಷ ಬೆಳೆದ ಇನ್ನೊಂದು ಪ್ರೋಟೀನಿನ ಹರಳಿನದೇ ಪಡಿಯಚ್ಚು: ಅದೇ ಅಂಚು, ಅದೇ ಮೂಲೆ. ಅಕ್ಕನ ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು; ಒಬ್ಬಳನ್ನು ಕೂಗಿದರೆ ಇಬ್ಬರೂ ಓಗೊಡುತ್ತಾರೆ. ಅದೇ ನೆನಪಿನಲ್ಲಿ ಮುಚ್ಚಳದ ಮೇಲೆ ‘ಅವಳಿ’ ಎಂದು ಬರೆದು, ಎರಡು ದಿನ ರಜೆ ಹಾಕಿ ಹೋದಳು.

ಗುರುವಾರ ಬಂದಾಗ ಟ್ರೇ ಜಾಗದಲ್ಲಿರಲಿಲ್ಲ. ಹುಡುಗಿಯ ಮುಖ ಅತ್ತು ಊದಿತ್ತು.

“ಬಿಸಾಕ್ದೆ. ಅವಳಿ ಅಂತ ನೀವೇ ಬರ್ದಿದ್ರಲ್ಲ ಅಕ್ಕ.”

“ಬರ್ದೆ. ಅದಕ್ಕೆ ಬಿಸಾಕೋದಾ?”

“ಟ್ವಿನ್ ಆದ್ಮೇಲೆ ಇನ್ನೇನು ಮಾಡ್ಲಿ?”

ಟ್ವಿನ್ ಅಂದರೆ ಎರಡು ಹರಳು ಒಂದರೊಳಗೊಂದು ಹೆಣೆದುಕೊಂಡು ಎಕ್ಸ್‌ರೇ ಚಿತ್ರವನ್ನೇ ಕೆಡಿಸುವ ಪೀಡೆ. ಅಷ್ಟು ಅಕ್ಕನಿಗೂ ಗೊತ್ತಿತ್ತು. ಆ ಪದದ ಅರ್ಥ ಅವಳಿ ಎಂದು ಹನ್ನೊಂದು ವರ್ಷದಲ್ಲಿ ಯಾವ ಮಹಾತಾಯಿಯೂ ಬಾಯಿ ಬಿಟ್ಟಿರಲಿಲ್ಲ.

ಅಕ್ಕ ಬೈಯುತ್ತಲೇ ಕಸದ ಕೋಣೆಗೆ ನಡೆದಳು. ಹೊರಗೆ ಎಸೆಯುವ ಮೊದಲು ಹಬೆಯಲ್ಲಿ ಬೇಯಿಸಲು ಕಟ್ಟಿಟ್ಟಿದ್ದ ಮೂರನೇ ಚೀಲದಲ್ಲಿ ಟ್ರೇ ಸಿಕ್ಕಿತು. ಹನಿಗಳೆಲ್ಲ ಕದಡಿಹೋಗಿದ್ದವು, ಒಂದರಲ್ಲಿ ಮಾತ್ರ ಹರಳು ಗಟ್ಟಿಯಾಗಿ ಕೂತಿತ್ತು.

ಅದನ್ನೇ ಎಕ್ಸ್‌ರೇಗೆ ಇಟ್ಟರು. ಟ್ವಿನ್ ಅಲ್ಲ. ಒಳಗೆ ಅಣುಗಳು ಕೂರುವ ಗೂಡಿನ ಅಳತೆಯೂ ಹಳೆಯ ಹರಳಿನದಕ್ಕಿಂತ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ. ಹಾಗಾದರೆ ಎರಡೂ ಒಂದೇ ತಾನೇ ಎಂದಳು ಅಕ್ಕ. ಲ್ಯಾಬಿನ ಮೇಡಂ ಒಪ್ಪಲಿಲ್ಲ. ಒಂದೇ ಅಳತೆಯ ಎರಡು ಮನೆಯಲ್ಲಿ ಜನ ಬೇರೆ ಬೇರೆ ಕಡೆ ತಲೆ ಹಾಕಿ ಮಲಗಬಹುದು. ಒಳಗೆ ಅಣುಗಳೂ ಒಂದೇ ರೀತಿ ಕೂತಿದ್ದರೆ ಮಾತ್ರ ‘ಸಮರೂಪಿ’ ಅನ್ನಬೇಕು, ಆಗ ಹಳೆಯದರ ರಚನೆ ಬಿಡಿಸಿದ ಲೆಕ್ಕವೇ ಹೊಸದಕ್ಕೂ ದಾರಿಯಾಗುತ್ತದೆ ಎಂದು ಬಿಡಿಸಿ ಹೇಳಿದರು.

ಒಳಗಿನ ಅಣುಗಳು ಹೇಗೆ ಕೂತಿವೆ ಎಂದು ಗೊತ್ತಾಗಲು ವಾರ ಹಿಡಿಯಿತು. ಹುಡುಗಿ ಬಂದು ಅಕ್ಕನ ಸ್ಟೂಲಿನ ಪಕ್ಕ ನಿಂತಳು.

“ಸಮರೂಪಿನೇ ಅಕ್ಕ. ಇನ್ಮೇಲೆ ಹಾಗೇ ಬರೀರಿ.”

“ನಾನು ಹೇಗಮ್ಮ ಬರೀಲಿ? ನಂಗೆ ಕಾಣೋದು ಹೊರಗಿನ ಗೋಡೆ.”

ಅಂದಿನಿಂದ ಅಂಥ ಹರಳು ಕಂಡಾಗಲೆಲ್ಲ ಮುಚ್ಚಳದ ಮೇಲೆ ಅವಳ ದಪ್ಪ ಅಕ್ಷರದಲ್ಲಿ ಇಷ್ಟೇ ಇರುತ್ತದೆ: ‘ನೋಡೋಕೆ ಒಂದೇ ಥರ. ಒಳಗಿನದು ಗೊತ್ತಿಲ್ಲ. ಬಿಸಾಕಬೇಡಿ.’