ಒಂದು ‘ನೀನು’ವಿನ ಬೆನ್ನು ಹತ್ತಿ

ಶಿವಮೊಗ್ಗದ ವಿದ್ಯಾನಗರದ ಉಮಾಮಹೇಶ್ವರಿಗೆ ಅನುಮಾನ ಹುಟ್ಟುಗುಣವೇನಲ್ಲ. ಹಾಲಿನವನು ನೀರು ಬೆರೆಸುತ್ತಾನೆಂದು ಬೀದಿಯೆಲ್ಲ ಬೈದರೂ, ಪಾಪ, ಹಸುವೇ ನೀರು ಜಾಸ್ತಿ ಕುಡಿದಿರಬೇಕು ಎನ್ನುವವರ ಪೈಕಿ. ಅಂಥವಳ ತಲೆ ಕೆಡಿಸಿದ್ದು ಒಂದು ಫ್ರೆಂಚ್ ಸಿನಿಮಾ.

ಮನೆಯಲ್ಲೇ ಕುಳಿತು ಹೊರದೇಶದ ಚಿತ್ರಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವುದು ಅವಳ ಕೆಲಸ. ಮೈಸೂರಿನಲ್ಲಿ ಓದುವಾಗ ಹಟಕ್ಕೆ ಬಿದ್ದು ಕಲಿತ ಫ್ರೆಂಚ್ ಈಗ ಉಪಯೋಗಕ್ಕೆ ಬಂದಿತ್ತು. ಈ ಸಲದ್ದು ಅಮೆರಿಕದ ಕಾದಂಬರಿಯೊಂದನ್ನು ಆಧರಿಸಿದ ಥ್ರಿಲ್ಲರ್. ಒಬ್ಬ ವೈದ್ಯನ ಕೊಲೆ, ಅಳುವ ವಿಧವೆ, ತನಿಖೆಗೆ ಬರುವ ಇನ್‌ಸ್ಪೆಕ್ಟರ್. ಅವಳು ಮೊದಲು ಕಾದಂಬರಿ ಓದಿದಳು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’; ಕೊನೆಯವರೆಗೂ ಗುಟ್ಟು ಬಿಡಲಿಲ್ಲ. ಫ್ರೆಂಚಿನಲ್ಲಿ ಆ ಆಟ ನಡೆಯದು. ನಮ್ಮಂತೆ ಅಲ್ಲೂ ನೀನು ಬೇರೆ, ನೀವು ಬೇರೆ. ಉದ್ದಕ್ಕೂ ಇನ್‌ಸ್ಪೆಕ್ಟರನಿಗೆ ‘ನೀವು’ ಎನ್ನುತ್ತಿದ್ದ ವಿಧವೆ ಒಂದೇ ಒಂದು ಕಡೆ ಬಾಯಿ ತಪ್ಪಿ ‘ನಿನ್ನ ಕೈ ನಡುಗುತ್ತಿದೆ’ ಎಂದುಬಿಡುತ್ತಾಳೆ. ಅಂದರೆ ತನಿಖೆಗೆ ಬಂದವನೇ ಪ್ರಿಯಕರ! “ಸಿಕ್ಕಿಬಿದ್ದೆ ಕಳ್ಳಿ” ಎಂದು ಉಮಾ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಅದೇ ಸಂಜೆ ಗಂಡ ಶಿವರಾಜ್ ಹಿತ್ತಲಲ್ಲಿ ಫೋನಿನಲ್ಲಿದ್ದ. ಅವನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಆ ಕಡೆ ಇದ್ದದ್ದು ಅದೇ ಶಾಲೆಯ ಪ್ರಿಯದರ್ಶಿನಿ ಟೀಚರ್. “ಆಯ್ತು ಮೇಡಂ, ಪೇಪರ್ ನೀವೇ ತನ್ನಿ” ಎಂದವನು ಸ್ವಲ್ಪ ತಡೆದು ದನಿ ಮೆತ್ತಗೆ ಮಾಡಿದ.

“ಊಟ ಮಾಡಿದ್ಯಾ? ನೀನು ಉಣ್ಣದಿದ್ರೆ ನಾನು ಬರೋದೇ ಇಲ್ಲ ನೋಡು.”

ಬಾಗಿಲ ಮರೆಯಲ್ಲಿದ್ದ ಉಮಾ ಆ ‘ನೀನು’ ಕೇಳಿಸಿಕೊಂಡಳು. ಅಂದಿನಿಂದ ಅವಳಿಗೆ ಮೈಯೆಲ್ಲ ಕಿವಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ: ಗಂಡ ತಡವಾಗಿ ಬಂದರೆ ಅನುಮಾನ, ಬೇಗ ಬಂದರೆ ಇನ್ನೂ ಅನುಮಾನ. “ಯಾಕೆ ಮಾರಾಯ್ತಿ, ಹಂಗ್ ನೋಡ್ತೀಯ?” ಎಂದರೆ, “ಏನಿಲ್ಲ ಬಿಡ್ರಿ” ಎನ್ನುವಳು. ನೇರವಾಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೌದು ಎಂದುಬಿಟ್ಟರೆ ತನ್ನ ಸಂಸಾರದ ಗತಿಯೇನು ಎಂಬ ಭಯ. ಕೊನೆಗೊಂದು ದಿನ ಶಾಲೆ ಬಿಡುವ ಹೊತ್ತಿಗೆ ಭದ್ರಾವತಿಯ ಬಸ್ಸು ಹತ್ತಿದಳು.

ಶಾಲೆಯ ಕಾವಲುಗಾರನನ್ನು ಕೇಳಿಕೊಂಡು ಹೋದರೆ, ಹಳೇನಗರದ ಟೀಚರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಶಿವರಾಜ್ ಕೈಯಲ್ಲಿ ತಟ್ಟೆ ಹಿಡಿದು ಒಬ್ಬ ಮುದುಕಿಯ ಮಂಚದ ಮೇಲೆ ಕುಳಿತಿದ್ದ.

“ಇನ್ನೊಂದ್ ತುತ್ತು ತಿನ್ನವ್ವಾ. ನೀನು ತಿಂದ್ರೆ ನಾಳೆನೂ ಬರ್ತೀನಿ.”

ಅಡುಗೆಮನೆಯಿಂದ ಬಂದ ಪ್ರಿಯದರ್ಶಿನಿ ಉಮಾಳನ್ನು ಕಂಡು ಮುಖ ಅರಳಿಸಿದಳು. “ಬನ್ನಿ ಅಕ್ಕಾ! ಇವ್ಳು ನಮ್ಮವ್ವ, ಹೂವಮ್ಮ. ನಮ್ಮಣ್ಣ ತೀರ್ಕೊಂಡಿದ್ದು ಇವ್ಳಿಗೆ ನೆನಪೇ ಇಲ್ಲ. ಸಾರ್ ದನಿ ಕೇಳಿದ್ರೆ ಅವ್ನೇ ಅಂತಾಳೆ. ಅವ್ರು ಫೋನಲ್ಲಾದ್ರೂ ಹೇಳಿದ್ರೇನೇ ಊಟ.”

ಪ್ರಿಯತಮೆಗಷ್ಟೇ ಅಲ್ಲ, ಹೆತ್ತವಳಿಗೂ ನಾವು ‘ನೀನು’ ಎನ್ನುತ್ತೇವೆ. ಮಾತು ತೂಗುವುದನ್ನೇ ಕಸುಬು ಮಾಡಿಕೊಂಡವಳಿಗೆ ಇಷ್ಟು ಹೊಳೆದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಉಮಾಗೆ.

ಹಿಂದಿರುಗುವ ಬಸ್ಸಿನಲ್ಲಿ ಶಿವರಾಜ್ ಕೇಳಿದ: “ಯಾಕ್ ಬಂದಿದ್ದೆ?”

ಅವಳು ಸುಳ್ಳಾಡಲಿಲ್ಲ. ಎಲ್ಲ ಹೇಳಿ, “ತಪ್ಪಾಯ್ತು ಕಣ್ರೀ. ನೀವೂ ಒಂದು ಮಾತು ಹೇಳ್ಬೋದಿತ್ತಲ್ಲ?” ಎಂದಳು.

“ನಾಚ್ಕೆ ಆಯ್ತು. ನಮ್ಮವ್ವ ಇದ್ದಾಗ ಒಂದಿನಾನೂ ಅವ್ಳಿಗೆ ಹಿಂಗೆ ಉಣ್ಸಿದೋನಲ್ಲ ನಾನು” ಎಂದು ಅವನು ಕಿಟಕಿಯ ಕಡೆ ತಿರುಗಿದ.

ಶಿವಮೊಗ್ಗದಲ್ಲಿ ಇಳಿದವನು ಅವಳಿಗೆ ಕಾಯದೆ ಮುಂದೆ ನಡೆದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದು ಅವಳು ತಟ್ಟೆ ಹಾಕುವಷ್ಟರಲ್ಲಿ ಅವನು ಮತ್ತೆ ಚಪ್ಪಲಿ ಮೆಟ್ಟಿದ್ದ. ಮದುವೆಯಾದಂದಿನಿಂದ ಕೋಪದಲ್ಲೂ ತಮಾಷೆಗೂ ಅವಳನ್ನು ಒಮ್ಮೆಯೂ ಬಹುವಚನದಲ್ಲಿ ಮಾತಾಡಿಸದವನು, ಹೊಸ್ತಿಲಲ್ಲಿ ನಿಂತು, ಯಾರದೋ ಮನೆಗೆ ಬಂದವನ ಹಾಗೆ ಮೆಲ್ಲಗೆ ಹೇಳಿದ:

“ನೀವು ಉಂಡು ಬಾಗಿಲು ಹಾಕ್ಕೊಳ್ಳಿ.”