ಬೀರಸಿದ್ದಪ್ಪನ ಎರಡು ಸೀಟಿನ ಗಾಡಿ

ಅರಭಾವಿಯ ಬೀರಸಿದ್ದಪ್ಪ ಎರಡು ಟಗರು ಕೊಟ್ಟು ಒಂದು ರೇಸಿನ ಕಾರು ತಂದ. ಊರವರ ಪ್ರಕಾರ ಅನ್ಯಾಯವಾದದ್ದು ಟಗರುಗಳಿಗೆ.

ಕಾರು ಘಟಪ್ರಭಾದ ಒಬ್ಬ ಡಾಕ್ಟರದು. ಇಪ್ಪತ್ತೈದು ವರ್ಷದ ಹಿಂದೆ ಗೋವಾ ಕಡೆಯಿಂದ ಹೊಡೆದುಕೊಂಡು ಬಂದಿದ್ದರಂತೆ. ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು. ಅದರಲ್ಲಿ ಕೂತರೆ ನೆಲ ಒಂದು ಗೇಣು ಕೆಳಗೆ. ಡಾಕ್ಟರಿಗೆ ಸೊಂಟನೋವು ಶುರುವಾಗಿ, ಕೂತವರನ್ನು ಎಬ್ಬಿಸಲು ಇಬ್ಬರು ಬೇಕಾಗಿ, ಆ ಇಬ್ಬರಿಗೂ ಕಾರಿನಲ್ಲಿ ಜಾಗವಿಲ್ಲದೆ, ಗಾಡಿ ಶೆಡ್ಡು ಸೇರಿತ್ತು. ಡಾಕ್ಟರ ಮಗನಿಗೆ ಟಗರಿನ ಕಾಳಗದ ಹುಚ್ಚು. ಬೀರಸಿದ್ದಪ್ಪನ ಹಟ್ಟಿಯಲ್ಲಿ ಕೊಂಬು ತಿರುವಿಕೊಂಡ ಎರಡು ಟಗರು ಇದ್ದವು. ವ್ಯವಹಾರ ಚಹಾ ಆರುವುದರೊಳಗೆ ಮುಗಿಯಿತು.

ಬೀರಸಿದ್ದಪ್ಪ ಗಾಡಿ ಗೊತ್ತಿಲ್ಲದ ಮನುಷ್ಯನೇನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಆ ಮೂವತ್ತೊಂದು ವರ್ಷ ಹೋದದ್ದು ಹುಕ್ಕೇರಿಯಿಂದ ಮೂಡಲಗಿಗೆ, ಬಂದದ್ದು ಮೂಡಲಗಿಯಿಂದ ಹುಕ್ಕೇರಿಗೆ. ಗೋಕಾಕ ಡಿಪೋದಲ್ಲಿ ಅವನ ಹೆಸರಿಗೆ ತಪ್ಪಿನ ಮೆಮೊ ಒಂದೂ ಇರಲಿಲ್ಲ. ರಿಟೈರ್ ಆದ ದಿನ ಸಾಹೇಬರು ಶಾಲು ಹೊದಿಸಿ, ‘ಇವರು ಓಡಿಸಿದ ದೂರದಲ್ಲಿ ಭೂಮಿಯನ್ನು ಎಷ್ಟೋ ಸುತ್ತು ಹಾಕಬಹುದಿತ್ತು’ ಎಂದು ಭಾಷಣ ಮಾಡಿದರು. ಬೀರಸಿದ್ದಪ್ಪನಿಗೆ ಆ ಮಾತು ಮನಸ್ಸಿಗೆ ನಾಟಿತು. ಸುತ್ತು ಹಾಕಬಹುದಿತ್ತು, ಹಾಕಿರಲಿಲ್ಲ.

ಹೋಗುವುದೆಲ್ಲಿಗೆ ಎಂಬುದು ಅವನ ಮನಸ್ಸಿನಲ್ಲಿ ನಿಕ್ಕಿಯಾಗಿತ್ತು, ಕನ್ಯಾಕುಮಾರಿಗೆ. ಎರಡು ವರ್ಷದ ಹಿಂದೆ ಒಂದು ಸಂಜೆ ಟಿವಿಯಲ್ಲಿ ಮೂರು ಸಮುದ್ರ ಕೂಡುವ ಜಾಗ ತೋರಿಸುತ್ತಿದ್ದಾಗ, ಹೆಂಡತಿ ಸೀತವ್ವ ಮೆಂತ್ಯ ಸೋಸುವ ಕೈ ನಿಲ್ಲಿಸಿ, “ಅಲ್ಲಿ ನಿಂತ್ರ ಹೆಂಗ ಅನಸ್ತಿರಬೇಕು?” ಎಂದಿದ್ದಳು. ಅವನು ಆಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆದರೆ ಮಾತು ಗಂಟು ಹಾಕಿ ಇಟ್ಟುಕೊಂಡಿದ್ದ. ಎರಡು ಸೀಟಿನ ಕಾರು ಕಣ್ಣಿಗೆ ಬಿದ್ದ ದಿನ ಗಂಟು ಬಿಚ್ಚಿತು. ಒಂದು ಸೀಟು ತನಗೆ, ಒಂದು ಅವಳಿಗೆ. ನಡುವೆ ಐವತ್ತು ಮಂದಿ ಪ್ರಯಾಣಿಕರಿಲ್ಲ.

ಕನ್ಯಾಕುಮಾರಿಗೆ ಹೋಗುವ ಸುದ್ದಿ ಊರಿಗೆಲ್ಲ ತಿಳಿಯಿತು, ಎರಡನೇ ಸೀಟು ಅವಳದೆಂದು ಮಾತ್ರ ಅವನು ಸೀತವ್ವನಿಗೆ ಹೇಳಲಿಲ್ಲ. ಮನೆಯಲ್ಲಿರುವವರು ಇಬ್ಬರು, ಗಾಡಿಯಲ್ಲಿರುವ ಸೀಟು ಎರಡು. ಹೇಳುವುದೇನಿದೆ?

ತಯಾರಿ ಮೂರು ತಿಂಗಳು ನಡೆಯಿತು. ಘಟಪ್ರಭಾದ ಮೆಕ್ಯಾನಿಕ್ ವಿಠ್ಠಲ ಬಾನೆಟ್ ಎತ್ತಿ, ಒಳಗೆ ಬಹಳ ಹೊತ್ತು ನೋಡಿ, ಕೈ ಒರೆಸಿಕೊಂಡ.

“ಕಾಕಾ, ಕ್ಲಚ್ ಪ್ಲೇಟ ಬದಲಾಸಬೇಕು. ನೀರಿನ ಪೈಪೆಲ್ಲಾ ಸೀಳ್ಯಾವು. ಬ್ರೇಕ ಅಂತೂ ಐತಿ ಅಂದ್ರ ಐತಿ, ಇಲ್ಲ ಅಂದ್ರ ಇಲ್ಲ.”

“ಐತಿ ಅನ್ನೂಹಂಗ ಮಾಡು.”

“ಎಷ್ಟ ಮಂದಿ ಹೊಂಟೀರಿ?”

“ಎಷ್ಟ ಸೀಟ ಅದಾವೋ ಅಷ್ಟ ಮಂದಿ.”

ಕ್ಲಚ್ ಪ್ಲೇಟು ಕೊಲ್ಲಾಪುರದಿಂದ ಬಂತು. ಅಷ್ಟು ಚಿಕ್ಕ ಟೈರು ಎಲ್ಲೂ ಸಿಗದೆ ಕೊನೆಗೆ ಸಂಕೇಶ್ವರದಲ್ಲಿ ಸಿಕ್ಕಿತು. ಟಾಪಿನ ಬಟ್ಟೆ ಇಲಿ ತಿಂದು ಜಾಳಿಗೆಯಾಗಿತ್ತು. ಮೂಡಲಗಿಯಲ್ಲಿ ಟ್ರ್ಯಾಕ್ಟರುಗಳಿಗೆ ತಾಡಪತ್ರಿ ಹೊಲಿಯುವವನು ಅಳತೆ ತೆಗೆದು, ತನ್ನಲ್ಲಿದ್ದ ನೀಲಿ ತಾಡಪತ್ರಿಯಲ್ಲೇ ಹೊಸ ಟಾಪು ಹೊಲಿದುಕೊಟ್ಟ. ಕೆಂಪು ಗಾಡಿ, ನೀಲಿ ಟಾಪು. ಮಳೆ ಬಂದರೆ ಗೊಬ್ಬರದ ಚೀಲವೂ ನೆನೆಯದಷ್ಟು ಗಟ್ಟಿ ಎಂದು ಭರವಸೆ ಬೇರೆ ಕೊಟ್ಟ. ಹಾರ್ನು ಬೀರಸಿದ್ದಪ್ಪನೇ ಹುಡುಕಿ ತಂದ ಬಸ್ಸಿನ ಹಾರ್ನು. ಹೊಡೆದರೆ ಮುಂದಿನವರು ಬಸ್ಸು ಬಂತೆಂದು ಬದಿಗೆ ಸರಿದು, ಹಿಂತಿರುಗಿ ನೋಡಿ, ಏನೂ ಕಾಣದೆ, ಆಮೇಲೆ ಕೆಳಗೆ ನೋಡುತ್ತಿದ್ದರು.

ಹೊರಡಲು ನಾಲ್ಕು ದಿನ ಇರುವಾಗ ಗಾಡಿಯ ಪರೀಕ್ಷೆಗೆಂದು ಅವನು ಹುಕ್ಕೇರಿ ದಾಟಿ ದಡ್ಡಿಯ ತನಕ ಹೋಗಿಬರಲು ಹೊರಟ. ಗಂಟೆಗೆ ನಲವತ್ತೈದರ ಮೇಲೆ ಮುಳ್ಳು ಏರಲಿಲ್ಲ. ರೇಸಿನ ಕಾರಿಗೆ ಆ ತಾಕತ್ತಿತ್ತು, ಬೀರಸಿದ್ದಪ್ಪನ ಕಾಲಿಗೆ ಆ ರೂಢಿಯಿರಲಿಲ್ಲ. ದಾರಿಯ ಪ್ರತಿ ಬಸ್ ಸ್ಟಾಪಿನಲ್ಲೂ ಗಾಡಿ ತಾನಾಗಿ ಎಡಕ್ಕೆ ಸರಿದು ನಿಂತಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ನಿಂತಲ್ಲಿಂದ ಅವನೇ ಮತ್ತೆ ಮುಂದೆ ಬಿಟ್ಟ.

ಹುಕ್ಕೇರಿಯಲ್ಲಿ ಹತ್ತುವವನೊಬ್ಬ ನಿಂತಿದ್ದ. ಸೋಮಪ್ಪ, ಇಪ್ಪತ್ತೆಂಟು ವರ್ಷ ಬೀರಸಿದ್ದಪ್ಪನ ಬಸ್ಸಿನ ಕಂಡಕ್ಟರ್. ಅವನೂ ರಿಟೈರ್ ಆಗಿದ್ದ. ಹೆಂಡತಿ ತೀರಿಕೊಂಡು ಮೂರು ವರ್ಷ. ಸೊಸೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಡಿಸುತ್ತಿದ್ದಳು, ಆದರೆ ಆ ಮನೆಯಲ್ಲಿ ಅವನೊಡನೆ ಮಾತಾಡುವವರಿರಲಿಲ್ಲ. ಅವನು ಬಾಗಿಲು ತೆಗೆದು, ಎಡಗಡೆ ಸೀಟಿನಲ್ಲಿ ಕೂತು, “ರೈಟ್” ಎಂದ. ಗಾಡಿ ಹೊರಟಿತು. ಬೀರಸಿದ್ದಪ್ಪನಿಗೆ ಬೆಳಗಿನಿಂದ ಏನೋ ಕಡಿಮೆಯಾಗಿತ್ತಲ್ಲ, ಅದು ಇದೇ ಎಂದು ಆಗ ತಿಳಿಯಿತು.

ದಡ್ಡಿಯಲ್ಲಿ ಚಹಾ ಕುಡಿಯುವಾಗ ಸೋಮಪ್ಪ ತನ್ನ ತಯಾರಿ ಹೇಳಿಕೊಂಡ.

“ಕ್ಯಾನ್ವಾಸ್ ಬೂಟ ತಗೊಂಡೇನ್ರಿ. ಕಿವಿ ಮುಚ್ಚೂ ಟೋಪಿನೂ ತಗೊಂಡೇನಿ, ಗಾಳಿ ಭಾಳ ಬಡೀತೈತಿ ಅಂತ. ಮೊನ್ನಿ ದವಾಖಾನಿಗೆ ಹೋಗಿ ಟಿಟಿ ಸೂಜೀನೂ ಮಾಡಿಸಿಕೊಂಡ ಬಂದೆ. ಪರಮುಲಕ, ದೂರದ ನಾಡು ನೋಡ್ರಿ.”

“ಎಲ್ಲಿಗೆ?” ಎಂದ ಬೀರಸಿದ್ದಪ್ಪ.

“ಕನ್ಯಾಕುಮಾರಿಗಿ. ಎಲ್ಲಿಗಂದ್ರ?” ಸೋಮಪ್ಪ ನಕ್ಕ. “ಸೀಟ ಎರಡ ಅದಾವು ಅಂತ ಕೇಳಿದಾಗ ಹೇಳೂದೇನೈತಿ ಅಂದಕೊಂಡೆ. ಕಂಡಕ್ಟರ್ ಇಲ್ದ ಡ್ರೈವರ್ ಎಲ್ಲಿ ಹೊಂಟಾನು?”

ಬೀರಸಿದ್ದಪ್ಪ ಚಹಾ ನುಂಗಿದ. ಅದರ ಜೊತೆಗೆ ಆಡಬೇಕಿದ್ದ ಮಾತನ್ನೂ ನುಂಗಿದ. ಬಸ್ಸಿಗೆ ಯಾರನ್ನು ಹತ್ತಿಸಬೇಕು, ಯಾರನ್ನು ಇಳಿಸಬೇಕು ಎನ್ನುವುದು ಇಪ್ಪತ್ತೆಂಟು ವರ್ಷವೂ ಸೋಮಪ್ಪನ ಕೆಲಸವಾಗಿತ್ತು. ಅವನನ್ನೇ ಇಳಿಸುವ ಮಾತು ಬೀರಸಿದ್ದಪ್ಪನಿಗೆ ಬರುತ್ತಿರಲಿಲ್ಲ. ಇರಲಿ, ಸೀತವ್ವನೇ ಹೇಗಾದರೂ ಹೇಳಿಯಾಳು ಎಂದು ಧೈರ್ಯ ತಂದುಕೊಂಡ. ಕಷ್ಟ ಬಂದಾಗ ಹೆಂಡತಿಯ ಹೆಗಲಿಗೆ ದಾಟಿಸುವ ಈ ಧೈರ್ಯ ಗಂಡಸರಿಗೆ ಹುಟ್ಟಿನಿಂದಲೇ ಬರುತ್ತದೆ.

ಹೊರಡುವ ಹಿಂದಿನ ಮಧ್ಯಾಹ್ನ ಮನೆ ತುಂಬ ಬುತ್ತಿಯ ವಾಸನೆ. ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಗೋಕಾಕದಿಂದ ತರಿಸಿದ ಕರದಂಟು. ಮೂಡಲಗಿಗೆ ಕೊಟ್ಟ ಮಗಳು ಕಸ್ತೂರಿ ಬಂದು ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದಳು. ಸೀತವ್ವ ಎರಡು ಚಿಕ್ಕ ಡಬ್ಬಿ ಎತ್ತಿ ಗಂಡನಿಗೆ ತೋರಿಸಿದಳು.

“ಈ ಕೆಂಪು ಮುಚ್ಚಳದ್ದು ನಿಮ್ಮ ಚಟ್ನಿ. ಈ ಬಿಳೀದು ಸೋಮಪ್ಪಣ್ಣಾರ್ದು. ಅವ್ರಿಗೆ ಖಾರ ಆಗಂಗಿಲ್ಲಲ್ಲ, ಬ್ಯಾರೆ ಕುಟ್ಟೇನಿ. ಅದಲಬದಲ ಮಾಡಬ್ಯಾಡ್ರಿ.”

ಬೀರಸಿದ್ದಪ್ಪ ಡಬ್ಬಿ ನೋಡಿದ. ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಎರಡು ಸೀಟು ಎಂದರೆ ಡ್ರೈವರು, ಕಂಡಕ್ಟರು ಎಂದು ಅವಳೂ ತಿಳಿದಿದ್ದಳು. ಮೂರು ತಿಂಗಳಿನಿಂದ ಹಾಗೇ ತಿಳಿದು, ಹಾಗೇ ರೊಟ್ಟಿ ಬಡಿದಿದ್ದಳು. ಈಗಲಾದರೂ ಹೇಳಬೇಕಿತ್ತು. ಕಸ್ತೂರಿ ಅಲ್ಲೇ ಇದ್ದಾಳೆ, ಮಗಳ ಮುಂದೆ ಹೇಗೆ ಹೇಳುವುದೆಂದು ಹೊರಗೆ ಹೋಗಿ ಟೈರಿನ ಗಾಳಿ ನೋಡಿದ. ಗಾಳಿ ಸರಿಯಾಗಿತ್ತು. ಮತ್ತೊಮ್ಮೆ ನೋಡಿದ.

ಮರುದಿನ ಬೆಳಿಗ್ಗೆ ಏಳಕ್ಕೆ ಗಾಡಿ ಅಂಗಳದಲ್ಲಿ ತಯಾರಾಗಿ ನಿಂತಿತ್ತು. ಬಾನೆಟ್ಟಿಗೆ ಬೀರದೇವರ ಭಂಡಾರದ ಅರಿಶಿನ ಬಳಿದಾಗಿತ್ತು. ಮೊದಲನೇ ಬಸ್ಸಿಗೆ ಬಂದಿಳಿದ ಸೋಮಪ್ಪ ತನ್ನ ಕಡೆಯಿಂದಲೂ ಇರಲಿ ಎಂದು ಭಂಡಾರದ ಪಕ್ಕದಲ್ಲಿ ಮೂರು ಬೆರಳು ವಿಭೂತಿ ಎಳೆದ. ಬೂಟು, ಟೋಪಿ ಸಮೇತ ಎಡಗಡೆ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಕ್ಕಪಕ್ಕದವರು ಹತ್ತಾರು ಮಂದಿ ಸೇರಿದ್ದರು. ಸೀತವ್ವ ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ರೈಟ್, ಹೋಗ್ರಿ,” ಎಂದ ಸೋಮಪ್ಪ.

ಗಾಡಿ ಕದಲಲಿಲ್ಲ. ಬೀರಸಿದ್ದಪ್ಪ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತೇ ಇದ್ದ. ಸೋಮಪ್ಪ ಇನ್ನೊಮ್ಮೆ ರೈಟ್ ಎಂದ. ಸೇರಿದವರು ಇಂಜಿನ್ ಕೆಟ್ಟಿತೆಂದು ಮುಖ ಮುಖ ನೋಡಿಕೊಂಡರು.

“ಸೋಮಪ್ಪಾ, ಇಳಿ.”

“ಯಾಕ್ರಿ? ಗಾಲಿ ಕುಂತೈತೇನು?”

“ಗಾಲಿ ಚೊಲೋ ಅದಾವು. ಆ ಸೀಟ ಅಕಿದು.”

ಸೋಮಪ್ಪ ಬಾಗಿಲಲ್ಲಿ ನಿಂತ ಸೀತವ್ವನನ್ನು ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ತಗ್ಗಿನ ಸೀಟಿನಿಂದ ಏಳುವುದು ಅವನಿಗೆ ಸುಲಭವಾಗಲಿಲ್ಲ, ಯಾರೂ ಕೈ ಕೊಡಲಿಲ್ಲ. ಇಳಿದು ನಿಂತು, “ಮೊದಲ ಹೇಳಿದ್ರ ಸೂಜೀನಾರ ತಪ್ಪತಿತ್ತು,” ಎಂದ. ನಗಲು ನೋಡಿದ, ನಗು ಬರಲಿಲ್ಲ. ಬೀರಸಿದ್ದಪ್ಪನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಹೆಂಡತಿಯ ಕಡೆ ತಿರುಗಿ ಗಟ್ಟಿಯಾಗಿ, “ಹತ್ತು,” ಎಂದ.

“ನಾ ಎಲ್ಲಿಗೆ?”

“ಕನ್ಯಾಕುಮಾರಿಗೆ. ನೀನ ಅಂದಿದ್ದಿಯಲ್ಲ, ಟಿವಿ ನೋಡಿ.”

“ಅಂದಿದ್ದೆ. ಬರ್ತೀಯೇನು ಅಂತ ಕೇಳಿದ್ರೇನು ನೀವು?”

“ಎರಡ ಸೀಟ ಅದಾವು. ಕೇಳೂದೇನೈತಿ?”

ಸೀತವ್ವ ಬುತ್ತಿಯ ಗಂಟನ್ನು ಕಟ್ಟೆಯ ಮೇಲೆ ಇಟ್ಟಳು. ಮಂದಿ ನೋಡುತ್ತಿದ್ದಾರೆಂದು ಅವಳು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ಕಸ್ತೂರಿಗೆ ಆರ ತಿಂಗಳ ಆಗಿತ್ತು. ಜ್ವರ ಏರಿ ಕಣ್ಣ ಮ್ಯಾಲ ಮಾಡಿತ್ತು ಕೂಸು. ಘಟಪ್ರಭಾ ದವಾಖಾನಿಗೆ ಹೋಗಬೇಕಂತ ಇಲ್ಲೇ, ಈ ರಸ್ತಾದ ದಂಡಿಗೆ ನಿಂತ ನಿಮ್ಮ ಬಸ್ಸಿಗೆ ಕೈ ಮಾಡ್ದೆ. ನೀವ ನನ್ನ ನೋಡಿದ್ರಿ. ನಿಲ್ಲಸಲಿಲ್ಲ. ಕೂಸಿನ್ನ ಎದಿಗೆ ಅವಚಿಕೊಂಡ ಕಾಲೇಜ ಸ್ಟಾಪ್ ತನಕ ಓಡಿದೆ. ಅಲ್ಲಿ ಮುಂದಿನ ಬಸ್ಸ ಹತ್ತಿದೆ.”

“ಇಲ್ಲಿ ಸ್ಟಾಪ್ ಇರಲಿಲ್ಲ,” ಎಂದ ಬೀರಸಿದ್ದಪ್ಪ.

“ಈಗೂ ಇಲ್ಲ.”

ಸೋಮಪ್ಪ ತಲೆಯ ಟೋಪಿ ತೆಗೆದ. “ಖರೆ ಹೇಳ್ತೇನ್ರಿ ಅಕ್ಕಾರ,” ಎಂದ. “ಅವತ್ತ ನಾ ಬೆಲ್ ಹೊಡದಿದ್ದೆ.”

ಹೊಡೆದಿದ್ದ. ಬೀರಸಿದ್ದಪ್ಪನಿಗೆ ಚೆನ್ನಾಗಿ ನೆನಪಿತ್ತು. ಒಂದು ಬೆಲ್ ಎಂದರೆ ನಿಲ್ಲಿಸು ಎಂದರ್ಥ. ಅವತ್ತು ಗಾಡಿ ಏಳು ನಿಮಿಷ ತಡವಾಗಿತ್ತು ಎಂಬುದೂ ನೆನಪಿತ್ತು. ಹೆಂಡತಿಗೆಂದು ಸ್ಟಾಪಿಲ್ಲದಲ್ಲಿ ನಿಲ್ಲಿಸಿದ ಎಂದು ಮಂದಿ ಆಡಿಕೊಂಡಾರು ಎಂದು ಹೆದರಿ ಆಕ್ಸಿಲರೇಟರ್ ಒತ್ತಿದ್ದು ಕೂಡ ನೆನಪಿತ್ತು. ಇಷ್ಟು ವರ್ಷ ಅವಳು ಆ ಮಾತು ಎತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದ.

ಅವನು ಗಾಡಿ ಶುರು ಮಾಡಿ, ಅಂಗಳದಿಂದ ರಸ್ತೆಗೆ ಇಳಿಸಿ, ಮೂಡಲಗಿಯ ಕಡೆ ಹೊರಟೇಹೋದ. ಎಡಗಡೆ ಸೀಟು ಖಾಲಿಯಿತ್ತು.

“ಅಪ್ಪ ಸಿಟ್ಟಿಗೆದ್ದ ಹೋದ್ರು ನೋಡವ್ವಾ,” ಎಂದಳು ಕಸ್ತೂರಿ. “ದಾರೀನೂ ಆ ಕಡಿ ಅಲ್ಲ.”

ಸೀತವ್ವ ನಿಧಾನ ನಡೆದು ರಸ್ತೆಯ ದಂಡೆಗೆ ಬಂದು ನಿಂತಳು. ಕಾಲುವೆಯ ಸೇತುವೆಯ ಹತ್ತಿರ ಕೆಂಪು ಗಾಡಿ ಹಿಂದೆ ಮುಂದೆ ಮಾಡಿ ತಿರುಗುವುದು ಅವಳಿಗೆ ಕಂಡಿತು. ಆಮೇಲೆ ಅದು ಮೂಡಲಗಿ ಕಡೆಯಿಂದ, ದಿನಾ ಬಸ್ಸು ಬರುತ್ತಿದ್ದ ದಾರಿಯಲ್ಲೇ, ಬಸ್ಸಿನ ವೇಗದಲ್ಲೇ ಬರತೊಡಗಿತು. ಗಾಡಿ ಬೇವಿನ ಮರ ದಾಟಿದಾಗ ಅವಳು ಕೈ ಎತ್ತಿದಳು.

ಬೀರಸಿದ್ದಪ್ಪ ನಿಲ್ಲಿಸಿದ. ಎಡಗಡೆಯ ಬಾಗಿಲು ಸರಿಯಾಗಿ ಅವಳ ಮುಂದೆ ಬಂದು ನಿಂತಿತು. ಅವನು ಆ ತಗ್ಗಿನ ಸೀಟಿನಿಂದ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವನ ಕಣ್ಣುಗಳು ತುಂಬಿದ್ದವು. ಗಾಳಿಗೆ ಎನ್ನಲು ಬರುತ್ತಿರಲಿಲ್ಲ, ನಲವತ್ತೈದರ ವೇಗಕ್ಕೆ ಅಷ್ಟು ಗಾಳಿ ಇರುವುದಿಲ್ಲ.

“ತಪ್ಪಾತು,” ಎಂದ. ಕೈ ಚಾಚಿ ಎಡಗಡೆಯ ಬಾಗಿಲು ತೆಗೆದು ಕೇಳಿದ, “ಬರ್ತೀಯೇನು?”

ಸೀತವ್ವ ಗಾಡಿಯನ್ನು ಮುಂದಿನಿಂದ ಹಿಂದಿನ ತನಕ ಒಮ್ಮೆ ನೋಡಿದಳು. ಸೋಮಪ್ಪನ ಕಡೆ ತಿರುಗಿ, “ಅಣ್ಣಾರ, ಆ ಬಿಳೀ ಮುಚ್ಚಳದ ಡಬ್ಬಿ ನಿಮ್ಮ ಮನಿಗೆ ಒಯ್ಯಿರಿ,” ಎಂದಳು. ಆಮೇಲೆ ಗಂಡನಿಗೆ ಹೇಳಿದಳು, “ಈ ಸೀರಿ ಮ್ಯಾಲ ಎಲ್ಲಿ ಬರ್ಲಿ? ಬದಲಿ ಮಾಡಬೇಕು, ಗಂಟ ಕಟ್ಟಬೇಕು. ಹೊತ್ತಾಗ್ತೈತಿ. ನಿಂದರತೀರಿ?”

“ನಿಂದರತೇನಿ.”

ಅವಳು ಒಳಗೆ ಹೋದಳು. ಬೀರಸಿದ್ದಪ್ಪ ಇಂಜಿನ್ ಬಂದ್ ಮಾಡಿ, ಸ್ಟಾಪಲ್ಲದ ಆ ಜಾಗದಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಮೂಡಲಗಿಯಿಂದ ಹುಕ್ಕೇರಿಗೆ ಹೋಗುವ ಬಸ್ಸು ಹಿಂದೆ ಬಂದು ಹಾರ್ನು ಹೊಡೆಯಿತು. ಅವನು ಕೈ ಹೊರಗೆ ಹಾಕಿ, ಬಾಜೂದಿಂದ ಹೋಗು ಎಂದು ಸನ್ನೆ ಮಾಡಿದ. ಬಸ್ಸು ಹೋಯಿತು. ಅದರ ಹಿಂದೆ ಕಬ್ಬಿನ ಟ್ರ್ಯಾಕ್ಟರು, ಕಾಲೇಜಿನ ಹುಡುಗಿಯರ ಟಂಟಂ ರಿಕ್ಷಾ, ಹಾಲಿನ ಗಾಡಿ ಎಲ್ಲ ಹೋದವು. ಸೀತವ್ವ ಸೀರೆ ಉಟ್ಟು ಹೊರಗೆ ಬರುವಾಗ ಎಂಟೂವರೆಯಾಗಿತ್ತು. ಗಾಡಿ ಅಲ್ಲೇ ಇತ್ತು.